ಹದಿನೇಳು ಪೌಂಡಿನ ಕೋವಿಯನ್ನು ಹೊತ್ತವರು

ಚುನಾವಣೆ ಘೋಷಣೆಯಾದರೆ ಸಾಕು, ಮಲೆನಾಡಿನಲ್ಲಿ ಲೈಸೆನ್ಸ್ ಇರುವ ಕೋವಿಗಳು ಒಂದೊಂದಾಗಿ ಪೊಲೀಸ್ ಠಾಣೆಯ ದಾರಿ ಹಿಡಿಯುತ್ತವೆ. ಮತ ಎಣಿಕೆ ಮುಗಿಯುವವರೆಗೆ ಅವಕ್ಕೆ ಅಲ್ಲೇ ವಾಸ. 2008ರ ವಿಧಾನಸಭಾ ಚುನಾವಣೆಯ ಬೇಸಿಗೆಯಲ್ಲಿ ನಾನು ಅಜ್ಜನ ಮನೆಯಲ್ಲಿದ್ದೆ. ಸೋದರಮಾವ ಮಂಗ, ಹಂದಿ ಓಡಿಸಲೆಂದು ಇಟ್ಟುಕೊಂಡಿದ್ದ ಒಂಟಿನಳಿಗೆಯ ತೋಟೆ ಕೋವಿಯನ್ನು ಗೋಣಿತಾಟಿನಲ್ಲಿ ಸುತ್ತಿ ಹೊರಟಾಗ ನಾನೂ ಗಂಟುಬಿದ್ದೆ. ಬಸ್ಸು ಸಿಗಬೇಕಾದರೆ ಮೂರು ಕಿಲೋಮೀಟರ್ ಗುಡ್ಡ ಇಳಿಯಬೇಕು. "ನಾನು ಹೊರ್ತೀನಿ ಮಾವ" ಅಂದೆ. "ಹೊರು ಮಾರಾಯ, ನೋಡನ" ಎಂದು ಹೆಗಲಿಗೇರಿಸಿದರು. ಮೊದಲ ತಿರುವಿನವರೆಗೆ ನಾನು ದೊಡ್ಡ ಶಿಕಾರಿ. ಎರಡನೇ ತಿರುವಿನಲ್ಲಿ ಹೆಗಲು ಬದಲಾಯಿಸಿದೆ. ಹಳ್ಳದ ಸಂಕ ದಾಟುವ ಹೊತ್ತಿಗೆ ಕೋವಿಯನ್ನು ಕೂಸಿನ ಹಾಗೆ ಎರಡೂ ಕೈಯಲ್ಲಿ ಅಪ್ಪಿಕೊಂಡು, ಎಲ್ಲಿ ಇಳಿಸಲಿ ಎಂದು ಕಲ್ಲು ಹುಡುಕುತ್ತಿದ್ದೆ. ಮುಂದೆ ಹೋಗುತ್ತಿದ್ದ ಮಾವ ತಿರುಗಿಯೂ ನೋಡಲಿಲ್ಲ.

ಈ ನೆನಪು ಮತ್ತೆ ಬಂದದ್ದು ಹದಿನೈದು ವರ್ಷಗಳ ನಂತರ, ಗ್ರಂಥಾಲಯದ ಮೇಜಿನ ಮೇಲೆ. ವಸಾಹತು ಕಾಲದ ಬೇಟೆಯ ಪುಸ್ತಕಗಳ ಬಗ್ಗೆ ಪಿಎಚ್.ಡಿ. ಮಾಡುತ್ತಿದ್ದೇನೆ. ಈ ಪುಸ್ತಕಗಳ ಒಂದು ಪದ್ಧತಿ ಏನೆಂದರೆ, ಕಾಡಿಗೆ ಕಾಲಿಡುವ ಮುಂಚೆ ಒಂದು ಅಧ್ಯಾಯವನ್ನು ಬಂದೂಕುಗಳಿಗೇ ಮೀಸಲಿಡುತ್ತಾರೆ. ಯಾವ ಕಂಪನಿಯದು, ನಳಿಗೆ ಎಷ್ಟು ಉದ್ದ, ಎಷ್ಟು ಮದ್ದು, ಗುಂಡಿನ ತೂಕ ಎಷ್ಟು, ಒಟ್ಟು ತೂಕ ಎಷ್ಟು ಪೌಂಡು, ಎಷ್ಟು ಔನ್ಸು, ಎಲ್ಲವೂ ಇರುತ್ತದೆ. ಮೊದಮೊದಲು ಈ ಪುಟಗಳನ್ನು ಹಾರಿಸಿಬಿಡುತ್ತಿದ್ದೆ. ಹುಲಿ ಬರುವ ಪುಟ ಬೇಗ ಬರಲಿ ಎಂಬ ಆಸೆ ಸಂಶೋಧಕರಿಗೂ ಇರುತ್ತದಲ್ಲ! ಆಮೇಲೊಮ್ಮೆ ಸುಮ್ಮನೆ ಆ ಅಂಕಿಗಳನ್ನು ಒಂದು ಹಾಳೆಯ ಮೇಲೆ ಬರೆದುಕೊಳ್ಳುತ್ತಾ ಹೋದೆ. 21 ಪೌಂಡು. 17 ಪೌಂಡು. ಕೆಲವು ದಶಕ ಕಳೆದ ಮೇಲೆ 11. ಇನ್ನೂ ಸ್ವಲ್ಪ ಕಳೆದರೆ ಏಳೂವರೆ. ಬೇಟೆಯ ಬಂದೂಕು ಒಂದು ಶತಮಾನದೊಳಗೆ ತನ್ನ ಭಾರದ ಮೂರರಲ್ಲಿ ಎರಡು ಪಾಲನ್ನು ಕಳೆದುಕೊಂಡಿತ್ತು. ಆ ಭಾರ ಎಲ್ಲಿಗೆ ಹೋಯಿತು, ಅದು ಇದ್ದಾಗ ಯಾರ ಹೆಗಲ ಮೇಲಿತ್ತು ಎಂಬುದನ್ನು ಹುಡುಕಿಕೊಂಡು ಹೋದದ್ದರ ಫಲ ಈ ಬರಹ.

21 ಪೌಂಡಿನದು ಸ್ಯಾಮ್ಯುಯೆಲ್ ಬೇಕರನದು. ನೈಲ್ ನದಿಯ ಮೂಲ ಹುಡುಕಿಕೊಂಡು ಹೋಗಿ, ಆಲ್ಬರ್ಟ್ ಸರೋವರವನ್ನು ಯೂರೋಪಿನ ನಕಾಶೆಗೆ ತಂದ ಬೇಕರ್. ಅದಕ್ಕೂ ಮೊದಲು ಅವನು ಸಿಲೋನಿನ ನುವಾರ ಎಲಿಯದಲ್ಲಿ ತೋಟ ಮಾಡಿಕೊಂಡು ಆನೆ ಹೊಡೆಯುತ್ತಿದ್ದ. 1840ರಲ್ಲಿ, ತನ್ನ ಹತ್ತೊಂಬತ್ತನೇ ವಯಸ್ಸಿನಲ್ಲಿ, ಬ್ರಿಸ್ಟಲಿನ ಗಿಬ್ಸ್ ಎಂಬ ಕೋವಿ ತಯಾರಕನಿಂದ ತನ್ನದೇ ಲೆಕ್ಕಾಚಾರದ ಒಂದು ಒಂಟಿನಳಿಗೆ ರೈಫಲ್ ಮಾಡಿಸಿಕೊಂಡ. ಮೂರಡಿ ಉದ್ದದ ನಳಿಗೆ. ಒಂದು ಈಡಿಗೆ ಒಂದು ಔನ್ಸ್ ಮದ್ದು. ನಮ್ಮ ಲೆಕ್ಕದಲ್ಲಿ ಒಂಬತ್ತೂವರೆ ಕಿಲೋ ತೂಕದ ವಸ್ತು. ಮಾವನ ಮನೆಯ ಹಿತ್ತಲಲ್ಲಿ ಬಿಡುವ ಸುಮಾರು ದೊಡ್ಡ ಹಲಸಿನ ಹಣ್ಣಿನ ತೂಕ ಅದು. ಹಲಸಿನ ಹಣ್ಣನ್ನು ಹೊತ್ತುಕೊಂಡು ಯಾರೂ ಆನೆಯ ಹಿಂದೆ ಹದಿನೈದು ಮೈಲಿ ಹೋಗುವುದಿಲ್ಲ.

ಯಾಕೆ ಅಷ್ಟು ಭಾರ? ಇದು ಅರ್ಥವಾಗಬೇಕಾದರೆ ಆ ಕಾಲದ ಮದ್ದನ್ನು ಅರ್ಥಮಾಡಿಕೊಳ್ಳಬೇಕು. ಪೆಟ್ಲುಪ್ಪು, ಇದ್ದಿಲು, ಗಂಧಕ ಸೇರಿಸಿದ ಕರಿಮದ್ದು ಉರಿದಾಗ ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಅನಿಲವಾಗುವುದೇ ಇಲ್ಲ. ಹೊಗೆಯಾಗಿ, ಮಸಿಯಾಗಿ ವ್ಯರ್ಥವಾಗುತ್ತದೆ. ಎಷ್ಟು ತುಂಬಿದರೂ ಗುಂಡಿನ ವೇಗ ಸೆಕೆಂಡಿಗೆ ನಾನೂರು, ನಾನೂರೈವತ್ತು ಮೀಟರಿನ ಆಸುಪಾಸಿನಲ್ಲೇ ನಿಂತುಬಿಡುತ್ತದೆ. ವೇಗ ಹೆಚ್ಚಿಸಲು ಆಗದಿದ್ದರೆ ಪೆಟ್ಟು ಹೆಚ್ಚಿಸಲು ಉಳಿದದ್ದು ಒಂದೇ ದಾರಿ, ಗುಂಡನ್ನು ದೊಡ್ಡದು ಮಾಡುವುದು. ಹಾಗಾಗಿ ಆ ಕಾಲದ ಬಂದೂಕನ್ನು ಅಳೆಯುತ್ತಿದ್ದದ್ದೇ ಸೀಸದ ಲೆಕ್ಕದಲ್ಲಿ. ಒಂದು ಪೌಂಡು ಸೀಸದಲ್ಲಿ ಆ ನಳಿಗೆಗೆ ಹೊಂದುವ ಎಷ್ಟು ಗುಂಡು ಎರೆಯಬಹುದೋ ಅಷ್ಟು 'ಬೋರ್'. ಇವತ್ತಿಗೂ ನಮ್ಮ ಊರುಗಳಲ್ಲಿ ಹೇಳುವ ಹನ್ನೆರಡು ಬೋರ್ ಅಂದರೆ ಪೌಂಡಿಗೆ ಹನ್ನೆರಡು ಗುಂಡು, ಒಂದೊಂದು 38 ಗ್ರಾಂ. ಎಂಟು ಬೋರಿನ ಗುಂಡು 57 ಗ್ರಾಂ. ನಾಲ್ಕು ಬೋರಿನದು 113 ಗ್ರಾಂ. ಅಡ್ಡಳತೆ ಒಂದಂಗುಲಕ್ಕೂ ಸ್ವಲ್ಪ ಜಾಸ್ತಿ. ಬೋರಿನ ಸಂಖ್ಯೆ ಚಿಕ್ಕದಾದಷ್ಟೂ ಕೋವಿ ದೊಡ್ಡದು. ನಾನು ಇದನ್ನು ಮೊದಲು ತಿರುಗಾಮುರುಗಾ ತಿಳಿದುಕೊಂಡು ಒಂದು ಸೆಮಿನಾರಿನಲ್ಲಿ ಮುಜುಗರ ಅನುಭವಿಸಿದ್ದೇನೆ.

ಇಷ್ಟು ದೊಡ್ಡ ಗುಂಡನ್ನು ಮುಂದಕ್ಕೆ ಎಸೆಯುವ ಬಂದೂಕು ಅಷ್ಟೇ ರಭಸದಲ್ಲಿ ಹಿಂದಕ್ಕೆ ಒದೆಯುತ್ತದೆ. ಒದೆತವನ್ನು ನುಂಗುವುದು ಬಂದೂಕಿನ ತೂಕವೇ. ಅದೇ ಗುಂಡು, ಅದೇ ಮದ್ದು ಇಟ್ಟುಕೊಂಡು ಬಂದೂಕಿನ ತೂಕ ಅರ್ಧ ಮಾಡಿದರೆ ಹೆಗಲಿಗೆ ಬಡಿಯುವ ಶಕ್ತಿ ಎರಡರಷ್ಟಾಗುತ್ತದೆ. ಇದು ನ್ಯೂಟನ್ನನ ಲೆಕ್ಕ. ಭಾರವಾದ ಬಂದೂಕು ಹೊಡೆಯುವವನ ಹೆಗಲಿಗೆ ದಯೆ ತೋರಿಸುತ್ತದೆ, ಹೊರುವವನ ಹೆಗಲಿಗೆ ತೋರಿಸುವುದಿಲ್ಲ.

ಈ ಲೆಕ್ಕವನ್ನು ಮೈಮೇಲೆ ಬರೆಸಿಕೊಂಡವನು ಫ್ರೆಡರಿಕ್ ಸೆಲೂಸ್. 1870ರ ದಶಕದ ಆರಂಭದಲ್ಲಿ ಹತ್ತೊಂಬತ್ತು ವರ್ಷದ ಹುಡುಗನಾಗಿ ದಕ್ಷಿಣ ಆಫ್ರಿಕಾಕ್ಕೆ ಬಂದಿಳಿದವನು. ಕೈಯಲ್ಲಿ ಹೆಚ್ಚು ಕಾಸಿಲ್ಲ. ಬೇಕರನಂತೆ ಹೇಳಿ ಮಾಡಿಸಿಕೊಳ್ಳುವ ಭಾಗ್ಯ ಇಲ್ಲದ್ದರಿಂದ ಬರ್ಮಿಂಗ್‌ಹ್ಯಾಮಿನಲ್ಲಿ ತಯಾರಾದ, ಬಾತುಕೋಳಿ ಹೊಡೆಯುವ ನಮೂನೆಯ ಅಗ್ಗದ ನಾಲ್ಕು ಬೋರಿನ ಕೋವಿಗಳನ್ನು ಕೊಂಡ. ಅವುಗಳ ತೂಕ ಬರೀ ಹನ್ನೆರಡೂವರೆ ಪೌಂಡು. ಮದ್ದನ್ನು ಅಳೆಯುತ್ತಲೂ ಇರಲಿಲ್ಲ, ಸೊಂಟದ ಚೀಲಕ್ಕೆ ಕೈಹಾಕಿ ಹಿಡಿಯಷ್ಟು ಸುರಿಯುವುದು. ಬೇಕರನ ಕೋವಿಗೆ ಹೋಲಿಸಿದರೆ ಸೆಲೂಸನದು ಹಗುರ, ನಡೆದಾಡಲು ಅನುಕೂಲ. ಆದರೆ ಪ್ರತಿ ಈಡಿಗೂ ಅವನು ಬೆಲೆ ತೆತ್ತ. ಒಂದು ಸಲ ಕೋವಿ ಹಾರದೆ ಹೋದಾಗ, ಹೊರುವ ಆಳು ಒಳಗೆ ಮದ್ದಿರುವುದು ತಿಳಿಯದೆ ಅದರ ಮೇಲೇ ಮತ್ತೊಂದು ಈಡು ತುಂಬಿ ಕೊಟ್ಟ. ಸೆಲೂಸ್ ನೆಲದಿಂದೆದ್ದು ಹಿಂದಕ್ಕೆ ಬಿದ್ದ, ಕೆನ್ನೆ ಸೀಳಿತು, ಕೋವಿಯ ಹಿಡಿ ಮುರಿದು ಹೋಯಿತು. ಮೂರು ವರ್ಷ ಅವುಗಳಲ್ಲೇ ಆನೆ ಹೊಡೆದ ಮೇಲೆ, ಆ ಒದೆತಗಳಿಂದ ತನ್ನ ನರಗಳೇ ಕೆಟ್ಟು ಮುಂದೆ ಗುರಿ ಹಿಡಿಯುವುದಕ್ಕೆ ತೊಂದರೆಯಾಯಿತೆಂದೂ, ಆ ಕೋವಿಗಳ ಸಹವಾಸವೇ ಬೇಡವಾಗಿತ್ತೆಂದೂ 1881ರ ತನ್ನ ಪುಸ್ತಕದಲ್ಲಿ ಬರೆದುಕೊಂಡ. ರಸಾಯನಶಾಸ್ತ್ರ ಬದಲಾಗದೆ ಬರೀ ಕಬ್ಬಿಣ ಕಡಿಮೆ ಮಾಡಿದರೆ ಆಗುವುದು ಇಷ್ಟೇ.

ಇನ್ನು ನಮ್ಮ ಕಡೆಗೆ ಬರೋಣ. 17 ಪೌಂಡಿನ ಕೋವಿ ಮೈಸೂರು ಸೀಮೆಯದು. ಜಾರ್ಜ್ ಸ್ಯಾಂಡರ್ಸನ್ ಮೈಸೂರು ಸರ್ಕಾರದ ನೀರಾವರಿ ಇಲಾಖೆಯಲ್ಲಿ ಕಾಲುವೆ ನೋಡಿಕೊಳ್ಳುತ್ತಾ ಚಾಮರಾಜನಗರದ ಹತ್ತಿರ ಮನೆ ಮಾಡಿಕೊಂಡಿದ್ದ. 1874ರಲ್ಲಿ ಆ ಸೀಮೆಯಲ್ಲೇ ಖೆಡ್ಡಾ ಮಾಡಿ ಆನೆ ಹಿಂಡನ್ನು ಹಿಡಿದು ಹೆಸರಾದ. 1878ರಲ್ಲಿ ಬಂದ ಅವನ 'ಭಾರತದ ಕಾಡುಮೃಗಗಳ ನಡುವೆ ಹದಿಮೂರು ವರ್ಷ' ಎಂಬರ್ಥದ ಹೆಸರಿನ ಪುಸ್ತಕದಲ್ಲಿ ಬಿಳಿಗಿರಿರಂಗನ ಬೆಟ್ಟ, ಅಲ್ಲಿನ ಸೋಲಿಗರು, ಕಾಡುಕುರುಬರು, ಕಬಿನಿಯ ಕಾಡು ಎಲ್ಲ ಬರುತ್ತವೆ. ಆನೆ, ಕಾಟಿಗಳಿಗೆ ದೊಡ್ಡ ಕೋವಿಯೇ ಬೇಕೆಂಬುದು ಅವನ ಗಟ್ಟಿ ಅಭಿಪ್ರಾಯ. ಅವನು ಬಳಸಿದ ನಾಲ್ಕು ಬೋರಿನ ಜೋಡುನಳಿಗೆ ಇಪ್ಪತ್ತು ಪೌಂಡಿನ ಹತ್ತಿರವಿತ್ತು. ಆಮೇಲೆ ಗ್ರೀನರ್ ಕಂಪನಿಯ ಎಂಟು ಬೋರಿನ ಜೋಡುನಳಿಗೆ ರೈಫಲಿಗೆ ಇಳಿದ. ಅದೇ 17 ಪೌಂಡಿನದು, ಹತ್ತಿರ ಹತ್ತಿರ ಎಂಟು ಕಿಲೋ.

ಸ್ಯಾಂಡರ್ಸನ್ ಗಟ್ಟಿಮುಟ್ಟಾದ ಆಳು, ಅದರಲ್ಲಿ ಅನುಮಾನವಿಲ್ಲ. ಆದರೆ ಅವನ ಬೇಟೆಯ ವಿವರಗಳನ್ನು ನಿಧಾನವಾಗಿ ಓದಿದರೆ ಒಂದು ಮೆರವಣಿಗೆ ಕಣ್ಣಿಗೆ ಬರುತ್ತದೆ. ಮುಂದೆ ಹೆಜ್ಜೆ ನೋಡುವ ಸೋಲಿಗ ಅಥವಾ ಕುರುಬ. ಅವನ ಹಿಂದೆ ಸಾಹೇಬ. ಸಾಹೇಬನ ಹಿಂದೆ ದೊಡ್ಡ ಕೋವಿ ಹೊತ್ತವನು, ಎರಡನೇ ಕೋವಿ ಹೊತ್ತವನು, ನೀರು, ಮದ್ದು, ಬುತ್ತಿ ಹೊತ್ತವರು. ಬೆಳಗಿನ ಜಾವ ಹೊರಟರೆ ಕೆಲವು ಸಲ ಮಧ್ಯಾಹ್ನ ಮೂರಕ್ಕೆ ಆನೆ ಸಿಗುತ್ತದೆ. ಅಷ್ಟೂ ಹೊತ್ತು ಆ ಎಂಟು ಕಿಲೋ ಒಂದು ಹೆಗಲಿಂದ ಇನ್ನೊಂದು ಹೆಗಲಿಗೆ ಹೋಗುತ್ತಿರುತ್ತದೆ. ಆನೆ ಕಂಡಾಗ ಕೋವಿ ಸಾಹೇಬನ ಕೈಗೆ ಬರುತ್ತದೆ, ಒಂದೆರಡು ನಿಮಿಷ ಅಲ್ಲಿರುತ್ತದೆ, ಹಾರುತ್ತದೆ, ವಾಪಸು ಹೋಗುತ್ತದೆ. ಪುಸ್ತಕದಲ್ಲಿ ತೂಕ ನಮೂದಾಗಿರುವುದು ಆ ಒಂದೆರಡು ನಿಮಿಷಕ್ಕೆ ಸಂಬಂಧಪಟ್ಟ ಹಾಗೆ. ಈ ಗುಂಡಿಗೆ ಈ ತೂಕ ಸಾಕೇ, ಒದೆತ ತಡೆಯಬಹುದೇ ಎಂಬುದು ಅಲ್ಲಿನ ಚರ್ಚೆ. ಉಳಿದ ಎಂಟು ಗಂಟೆಯ ಲೆಕ್ಕಕ್ಕೆ ಆ ಅಧ್ಯಾಯದಲ್ಲಿ ಜಾಗವಿಲ್ಲ.

ಹೊರುವವನ ಕೆಲಸ ಬರೀ ಹೊರುವುದೂ ಆಗಿರಲಿಲ್ಲ. ಮೊದಲ ಈಡು ತಪ್ಪಿ ಆನೆ ಮೈಮೇಲೆ ಬಂದಾಗ ಅವನು ಓಡದೆ ನಿಂತು ಎರಡನೇ ಕೋವಿಯನ್ನು ಚಾಚಬೇಕು. ಕೈಯಲ್ಲಿ ತುಂಬಿದ ಕೋವಿ ಇದೆ, ಆದರೆ ತಾನು ಹೊಡೆಯುವ ಹಾಗಿಲ್ಲ. ಇದು ಆ ಕಾಲದ ಬೇಟೆಯ ಶಿಸ್ತು. ಹಾಗೆ ಓಡದೆ ನಿಂತವರನ್ನು ಈ ಲೇಖಕರು ಹೊಗಳಿದ್ದಾರೆ, ಓಡಿದವರನ್ನು ಬೈದಿದ್ದಾರೆ. ನಿಂತರೂ ಓಡಿದರೂ ಮಾರನೇ ದಿನ ಕೋವಿ ಅಷ್ಟೇ ತೂಕ.

ಬೇಕರನ ಇನ್ನೊಂದು ಬಂದೂಕಿನ ಕಥೆ ಇಲ್ಲಿ ನೆನಪಾಗುತ್ತದೆ. 1861ರಲ್ಲಿ ಅಬಿಸೀನಿಯಾದ ಕಡೆ ಹೊರಟಾಗ ಅವನ ಹತ್ತಿರ ಅರ್ಧ ಪೌಂಡು ತೂಕದ ಸಿಡಿಗುಂಡು ಹಾರಿಸುವ ಒಂದು ರೈಫಲ್ ಇತ್ತು. ಅದಕ್ಕೆ ಅವನಿಟ್ಟ ಹೆಸರು 'ಬೇಬಿ'. ಜೊತೆಗಿದ್ದ ಅರಬ್ಬರು ಅದನ್ನು ತೋಪಿನ ಕೂಸು ಎಂದು ಕರೆದರು. ಹಾರಿಸಿದರೆ ಬೇಕರನಂಥ ಬೇಕರನೇ ಗಿರ್ರನೆ ತಿರುಗಿಹೋಗುತ್ತಿದ್ದ. ಹಾಗಾಗಿ ಅದನ್ನು ಅಪರೂಪಕ್ಕೆ ಮಾತ್ರ ಹಾರಿಸುತ್ತಿದ್ದ. ಅಂದರೆ ವರ್ಷಗಟ್ಟಲೆ ಯಾರೋ ಅದನ್ನು ಮರುಭೂಮಿಯಲ್ಲಿ ಹೊತ್ತು ತಿರುಗಿದ್ದು ಬೆರಳೆಣಿಕೆಯ ಈಡುಗಳಿಗಾಗಿ.

ಬದಲಾವಣೆ ಬಂದದ್ದು ಪ್ರಯೋಗಶಾಲೆಯಿಂದ. 1884ರಲ್ಲಿ ಪಾಲ್ ವಿಯೆಯ್ ಎಂಬ ಫ್ರೆಂಚ್ ರಸಾಯನಶಾಸ್ತ್ರಜ್ಞ ನೈಟ್ರೋಸೆಲ್ಯುಲೋಸಿನಿಂದ ಹೊಗೆಯಿಲ್ಲದ ಮದ್ದು ತಯಾರಿಸಿದ. ಹೆಚ್ಚುಕಡಿಮೆ ಅಷ್ಟೂ ಅನಿಲವಾಗುವ ಈ ಮದ್ದಿಗೆ ಅದೇ ತೂಕದ ಕರಿಮದ್ದಿನ ಮೂರು ಪಟ್ಟು ಶಕ್ತಿ. 1889ರಲ್ಲಿ ಇಂಗ್ಲೆಂಡಿನಲ್ಲಿ ಏಬೆಲ್ ಮತ್ತು ಡಿವಾರ್ ಕಾರ್ಡೈಟ್ ಮಾಡಿದರು. ಈ ವೇಗಕ್ಕೆ ಬರಿಯ ಸೀಸದ ಗುಂಡು ನಳಿಗೆಯೊಳಗೇ ಉಜ್ಜಿಹೋಗುತ್ತದೆ. ಅದಕ್ಕೆ ಸ್ವಿಟ್ಜರ್ಲೆಂಡಿನ ರೂಬಿನ್ ಆಗಲೇ ತಾಮ್ರದ ಕವಚ ತೊಡಿಸಿದ್ದ. ಇವೆಲ್ಲ ಯುದ್ಧಕ್ಕಾಗಿ ಆದ ಸಂಶೋಧನೆಗಳು. ಬೇಟೆಗಾರರಿಗೆ ಸಿಕ್ಕಿದ್ದು ಅದರ ಉಪ ಉತ್ಪನ್ನ. 1898ರಲ್ಲಿ ಜಾನ್ ರಿಗ್ಬಿ ಕಂಪನಿ ಹೊರತಂದ .450 ನೈಟ್ರೋ ಎಕ್ಸ್‌ಪ್ರೆಸ್ ಕೇವಲ 31 ಗ್ರಾಂ ಗುಂಡನ್ನು ಸೆಕೆಂಡಿಗೆ 650 ಮೀಟರ್ ವೇಗದಲ್ಲಿ ಎಸೆಯುತ್ತಿತ್ತು. ನಾಲ್ಕು ಬೋರಿನ 113 ಗ್ರಾಂ ಸೀಸ ಆನೆಯ ತಲೆಬುರುಡೆಯಲ್ಲಿ ಎಲ್ಲಿಯವರೆಗೆ ಹೋಗುತ್ತಿತ್ತೋ ಅದಕ್ಕಿಂತ ಆಳಕ್ಕೆ ಇದು ಹೋಗುತ್ತಿತ್ತು. ಸಣ್ಣ ಗುಂಡು ಅಂದರೆ ಸಣ್ಣ ನಳಿಗೆ, ಕಡಿಮೆ ಒದೆತ. ಜೋಡುನಳಿಗೆ ರೈಫಲ್ 11 ಪೌಂಡಿಗೆ ಇಳಿಯಿತು.

(ಈ .450 ಭಾರತದಲ್ಲಿ ಹೆಚ್ಚು ದಿನ ಬಾಳಲಿಲ್ಲ. ಸೈನ್ಯದ ಹಳೆಯ ಮಾರ್ಟಿನಿ-ಹೆನ್ರಿ ಬಂದೂಕಿನ ಗುಂಡೂ ಅದೇ ಅಳತೆಯದು. ಬೇಟೆಯ ಗುಂಡುಗಳು ಬಂಡುಕೋರರ ಕೈಸೇರಿಯಾವೆಂದು ಹೆದರಿದ ಸರ್ಕಾರ ಇಪ್ಪತ್ತನೇ ಶತಮಾನದ ಮೊದಲ ದಶಕದಲ್ಲಿ ಭಾರತ ಮತ್ತು ಸೂಡಾನಿನಲ್ಲಿ ಆ ಅಳತೆಯನ್ನೇ ನಿಷೇಧಿಸಿತು. ಲಂಡನ್ನಿನ ಕಂಪನಿಗಳು .465, .470 ಎಂದು ಕೂದಲೆಳೆಯಷ್ಟು ಬದಲಾಯಿಸಿ ಮಾರಿದವು.)

ಇಲ್ಲಿಗೆ ಬಂದಾಗ ನನ್ನ ಮೂಲ ವಾದ ಕುಸಿದುಬಿತ್ತು. ಹೊರುವ ಆಳುಗಳು ಸಿಗದೆ ಹೋದದ್ದರಿಂದ, ಕೂಲಿ ದುಬಾರಿಯಾದದ್ದರಿಂದ ಬಂದೂಕು ಹಗುರಾಯಿತು ಎಂದು ತೋರಿಸಬೇಕೆಂದುಕೊಂಡಿದ್ದೆ. ಅಧ್ಯಾಯದ ಅರ್ಧ ಬರೆದೂ ಆಗಿತ್ತು. ಆದರೆ 1898ರಲ್ಲಿ ಭಾರತದಲ್ಲಾಗಲಿ ಪೂರ್ವ ಆಫ್ರಿಕಾದಲ್ಲಾಗಲಿ ಹೊರುವವರಿಗೇನೂ ಬರ ಇರಲಿಲ್ಲ. 1909ರಲ್ಲಿ ಅಮೆರಿಕದ ಮಾಜಿ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಬೇಟೆಗೆ ಬಂದಾಗ ಅವನ ಸಾಮಾನು ಹೊರಲು ಇನ್ನೂರಕ್ಕಿಂತ ಹೆಚ್ಚು ಜನರಿದ್ದರು. ಹಗುರ ಮಾಡಿದ್ದು ಮದ್ದು, ಮರುಕವಲ್ಲ. ಮಾರ್ಗದರ್ಶಕರು ನನ್ನ ಹಾಳೆಯ ಅಂಚಿನಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ ವಾಪಸು ಕೊಟ್ಟರು.

ಆ ಚಿಹ್ನೆಯಿಂದಾಗಿ ಮತ್ತೆ ಹಾಳೆ ತೆಗೆದು ಅಂಕಿ ನೋಡಿದೆ. ಆಗ ಕಂಡದ್ದು ಬೇರೆಯೇ. ಹೊಸ ಮದ್ದು ಬಂದು ಭಾರ ಅರ್ಧಕ್ಕಿಳಿದ ಕೆಲವೇ ವರ್ಷಗಳಲ್ಲಿ ಜೆಫ್ರಿ ಕಂಪನಿ .600 ಎಂಬ ರೈಫಲ್ ಮಾಡಿತು. 58 ಗ್ರಾಂ ಗುಂಡು, ಅಂದರೆ ಹಳೆಯ ಎಂಟು ಬೋರಿನಷ್ಟೇ, ಆದರೆ ಹೊಸ ವೇಗದಲ್ಲಿ. ತೂಕ 16 ಪೌಂಡು! ರಸಾಯನಶಾಸ್ತ್ರ ಉಳಿಸಿಕೊಟ್ಟ ಭಾರವನ್ನು ಈ ಬಂದೂಕು ಪೂರ್ತಿ ಮತ್ತೆ ಖರ್ಚು ಮಾಡಿ ಸ್ಯಾಂಡರ್ಸನ್ನನ ಲೆಕ್ಕಕ್ಕೇ ಬಂದು ನಿಂತಿತ್ತು. ಹೊರಲು ಬೇರೆಯವರಿದ್ದಾಗ ಹಗುರ ಎಂಬುದು ಒಂದು ಅನುಕೂಲ, ಅಷ್ಟೇ. ಅದನ್ನು ಕೊಟ್ಟು ಇನ್ನಷ್ಟು ಪೆಟ್ಟನ್ನು ಕೊಳ್ಳಬಹುದು. ನಿಜವಾಗಿ ಏಳೆಂಟು ಪೌಂಡಿಗೆ ಇಳಿದು ಅಲ್ಲೇ ಉಳಿದದ್ದು ಬೇಟೆಗಾರ ತಾನೇ ಹೊತ್ತ ಬಂದೂಕು ಮಾತ್ರ. ಮದ್ದು ಬಾಗಿಲು ತೆರೆಯಿತು, ಆ ಬಾಗಿಲಿನಿಂದ ಯಾರು ಯಾವ ಕಡೆಗೆ ಹೋದರು ಎಂಬುದನ್ನು ಹೆಗಲು ತೀರ್ಮಾನಿಸಿತು ಎಂದು ಈಗ ಬರೆದುಕೊಂಡಿದ್ದೇನೆ. ಈ ಸಲ ಅಂಚಿನಲ್ಲಿ ಏನು ಬರುತ್ತದೋ ನೋಡಬೇಕು.

ತಾನೇ ಹೊತ್ತವರಲ್ಲಿ ಹೆಸರುವಾಸಿ ಸ್ಕಾಟ್ಲೆಂಡಿನ ಡಬ್ಲ್ಯು.ಡಿ.ಎಂ. ಬೆಲ್. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಉಗಾಂಡದ ಕರಮೋಜ ಸೀಮೆಯಲ್ಲಿ ದಂತಕ್ಕಾಗಿ ಆನೆ ಹೊಡೆದವನು. ಅವನ ಮುಖ್ಯ ಆಯುಧ .275 ರಿಗ್ಬಿ. ಜರ್ಮನಿಯ ಪಾಲ್ ಮೌಸರನ ಏಳು ಮಿಲಿಮೀಟರ್ ಸೈನಿಕ ರೈಫಲ್ಲಿಗೆ ಇಂಗ್ಲಿಷ್ ಅಂಗಿ ತೊಡಿಸಿದ್ದು ಅದು. ತೂಕ ಏಳೂವರೆ ಪೌಂಡಿನ ಆಸುಪಾಸು, ಗುಂಡು ಹನ್ನೊಂದು ಗ್ರಾಂ. ಜಿಂಕೆಗೆ ಸಾಕು ಎನ್ನುವಂಥ ಈ ಗುಂಡಿನಿಂದ ಆನೆ ಹೊಡೆಯಬೇಕಾದರೆ ಎಲ್ಲಿ ಹೊಡೆಯಬೇಕೆಂದು ಗೊತ್ತಿರಬೇಕು. ಬೆಲ್ ಸತ್ತ ಆನೆಯ ತಲೆಬುರುಡೆಯನ್ನು ಗರಗಸದಿಂದ ಕೊಯ್ದು ಮಿದುಳು ಎಲ್ಲಿದೆ, ಯಾವ ಕೋನದಿಂದ ದಾರಿ ಎಂದು ಅಭ್ಯಾಸ ಮಾಡಿದ. ಗುಂಡಿನ ತೂಕ ಕಡಿಮೆ ಮಾಡಿದ ಜಾಗದಲ್ಲಿ ಅಂಗರಚನೆಯ ಜ್ಞಾನವನ್ನು ತುಂಬಿದ. ದಿನಕ್ಕೆ ಇಪ್ಪತ್ತು ಮೂವತ್ತು ಮೈಲಿ ನಡೆಯುವವನಿಗೆ ಕೈಯಲ್ಲೇ ಇರುವ ಹಗುರ ರೈಫಲ್ಲೇ ಸರಿ, ಬೇರೊಬ್ಬನ ಹೆಗಲ ಮೇಲಿರುವ ತೋಪು ಬೇಕಾದ ಗಳಿಗೆಯಲ್ಲಿ ಸಿಗುವುದಿಲ್ಲ.

ಇದನ್ನು ಓದುವಾಗ ಬೆಲ್‌ನ ಬಗ್ಗೆ ಒಂದು ಮೆಚ್ಚುಗೆ ಹುಟ್ಟುತ್ತದೆ. ನನಗೂ ಹುಟ್ಟಿತ್ತು. ಆಮೇಲೆ ಉಳಿದ ಅಂಕಿ ಬರುತ್ತದೆ. ಅವನು ಒಟ್ಟು ಹೊಡೆದ ಆನೆಗಳು 1,011. ಹಗುರಾದ ಬಂದೂಕು ಒದೆಯುವುದಿಲ್ಲ, ದಣಿಸುವುದಿಲ್ಲ, ಒಂದೇ ದಿನ ಹಲವು ಆನೆ ಹೊಡೆಯಬಹುದು. ಆ ಆನೆಗಳ ದಂತವನ್ನು ಕರಾವಳಿಯ ಕಡೆಗೆ ಸಾಗಿಸಿದ್ದು ಕತ್ತೆಗಳು ಮತ್ತು ಹಮಾಲರು. ಆಗಿನ ಪೂರ್ವ ಆಫ್ರಿಕಾದಲ್ಲಿ ಒಬ್ಬ ಹಮಾಲನ ಹೊರೆ ಸಾಮಾನ್ಯವಾಗಿ 60 ಪೌಂಡು. ಬೆಲ್ ತನ್ನ ಕೈಯಲ್ಲಿ ಹತ್ತು ಪೌಂಡು ಉಳಿಸಿದ. ಹಿಂದೆ ಬರುವವರ ಬೆನ್ನ ಮೇಲೆ ದಂತದ ಸಾಲು ಬೆಳೆಯಿತು.

ಹಗುರ ಬಂದೂಕಿನ ಕಥೆಯಲ್ಲಿ ನನಗೆ ಬಲು ಇಷ್ಟವಾದ ಪುಟ ಮಾತ್ರ ಕುಮಾವೂಂ ಬೆಟ್ಟಗಳದ್ದು. ಕನ್ನಡಿಗರಿಗೆ ಜಿಮ್ ಕಾರ್ಬೆಟ್ ಹೊಸಬನಲ್ಲ, ತೇಜಸ್ವಿಯವರ 'ರುದ್ರಪ್ರಯಾಗದ ಭಯಾನಕ ನರಭಕ್ಷಕ' ಓದದೆ ಬೆಳೆದವರು ನಮ್ಮಲ್ಲಿ ಕಡಿಮೆ. 1907ರಲ್ಲಿ ಚಂಪಾವತದ ಹುಲಿಯನ್ನು ಹೊಡೆಯಲು ಹೋದಾಗ ಕಾರ್ಬೆಟ್ ಕೈಯಲ್ಲಿದ್ದದ್ದು ಭಾರದ .500 ಕಾರ್ಡೈಟ್ ರೈಫಲ್, ಜೊತೆಗೆ ಮೂರೇ ತೋಟೆ. ಅವು ಮುಗಿದ ಮೇಲೆ ತಹಶೀಲ್ದಾರನ ಕೋವಿ ಇಸಿದುಕೊಂಡು ಕೆಲಸ ಮುಗಿಸಬೇಕಾಯಿತು. ಅದಕ್ಕೆ ಮೆಚ್ಚಿ ಸಂಯುಕ್ತ ಪ್ರಾಂತ್ಯದ ಲೆಫ್ಟಿನೆಂಟ್ ಗವರ್ನರ್ ಜಾನ್ ಹಿವೆಟ್ ಕೊಡಿಸಿದ ಬಹುಮಾನವೇ ಒಂದು .275 ರಿಗ್ಬಿ. ಬೆಲ್‌ನ ಕೈಯಲ್ಲಿದ್ದ ಅದೇ ಜಾತಿಯದು.

1930ರ ಏಪ್ರಿಲ್ 11. ಚೌಗಢದ ನರಭಕ್ಷಕ ಹುಲಿಯ ಬೆನ್ನು ಹತ್ತಿ ಕಾರ್ಬೆಟ್ ಒಂದು ಒಣ ಹಳ್ಳದಲ್ಲಿ ಇಳಿಯುತ್ತಿದ್ದಾನೆ. ಬಲಗೈಯಲ್ಲಿ ರೈಫಲ್. ಎಡಗೈಯಲ್ಲಿ ಎರಡು ಮೊಟ್ಟೆ! ಪಕ್ಷಿಗಳ ಮೊಟ್ಟೆ ಸಂಗ್ರಹಿಸುವ ಹುಚ್ಚಿದ್ದ ಅವನಿಗೆ ದಾರಿಯಲ್ಲಿ ರಾತ್ರಿ ಹಾರುವ ನತ್ತಿಂಗ ಹಕ್ಕಿಯ ವಿಚಿತ್ರ ಆಕಾರದ ಮೊಟ್ಟೆ ಸಿಕ್ಕಿದ್ದವು. ದೊಡ್ಡ ಬಂಡೆಯೊಂದರ ಮೂಲೆ ದಾಟಿ ಬಲ ಹೆಗಲ ಮೇಲಿಂದ ಹಿಂದಕ್ಕೆ ನೋಡಿದರೆ ಕೆಲವೇ ಅಡಿಗಳ ದೂರದಲ್ಲಿ ಹುಲಿ ಮಲಗಿ ಅವನನ್ನೇ ನೋಡುತ್ತಿದೆ. ರೈಫಲಿನ ಮೂತಿ ಇನ್ನೊಂದು ಕಡೆಗಿದೆ. ಕಾರ್ಬೆಟ್ ಮೈ ಅಲುಗಿಸದೆ, ಒಂದೇ ಕೈಯಲ್ಲಿ, ರೈಫಲನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಸರಿಸುತ್ತಾ ಮುಕ್ಕಾಲು ಸುತ್ತು ತಿರುಗಿಸಿದ. ಹೆಗಲಿಗೆ ಏರಿಸುವ ಮಾತೇ ಇಲ್ಲ. ಚಾಚಿದ ಕೈಯಲ್ಲೇ ಹಾರಿಸಿದ. ಆಮೇಲೆ ಮೊಟ್ಟೆಗಳನ್ನು ತಂದು ಅದೇ ಗೂಡಿನಲ್ಲಿಟ್ಟ.

ತಾನು ಉಳಿದುಕೊಂಡದ್ದಕ್ಕೆ ಅವನು ಮೂರು ಕಾರಣ ಕೊಡುತ್ತಾನೆ. ಮೊಟ್ಟೆಗಳಿದ್ದದ್ದರಿಂದ ಎರಡೂ ಕೈಯಿಂದ ರೈಫಲ್ ಹಿಡಿದು ಗಕ್ಕನೆ ತಿರುಗಲಿಲ್ಲ, ತಿರುಗಿದ್ದರೆ ಹುಲಿ ಹಾರುತ್ತಿತ್ತು. ಅದು ನರಭಕ್ಷಕವಾದ್ದರಿಂದ ಓಡಿಹೋಗಲಿಲ್ಲ. ಇನ್ನೊಂದು, ರೈಫಲ್ ಹಗುರವಾಗಿತ್ತು. ಸ್ಯಾಂಡರ್ಸನ್ನನ 17 ಪೌಂಡು ಆ ಕೈಯಲ್ಲಿದ್ದಿದ್ದರೆ ಎಂದು ಯೋಚಿಸಿ. ಅದು ಅವನ ಕೈಯಲ್ಲಿ ಇರುತ್ತಲೂ ಇರಲಿಲ್ಲ, ಹಿಂದೆ ಬರುತ್ತಿದ್ದವನ ಹೆಗಲ ಮೇಲೆ ಇರುತ್ತಿತ್ತು. ಕಾರ್ಬೆಟ್‌ನ ಹಾಸಿಗೆ, ಪಾತ್ರೆ, ಡೇರೆಗಳನ್ನು ಬೆಟ್ಟ ಹತ್ತಿಸಿದ್ದು ಅಲ್ಲಿನ ಜನರೇ ಎಂಬುದನ್ನೂ ಇಲ್ಲಿ ಸೇರಿಸಬೇಕು; ಅದನ್ನು ಅವನೂ ಮುಚ್ಚಿಟ್ಟಿಲ್ಲ.

ನಮ್ಮ ಬೆಂಗಳೂರಿನ ಕೆನೆತ್ ಆಂಡರ್ಸನ್‌ನದೂ ಈ ಸಾಲೇ. ಅವನ .405 ವಿಂಚೆಸ್ಟರ್ ಎಂಟು ಪೌಂಡಿನ ಹತ್ತಿರದ್ದು. ರೂಸ್‌ವೆಲ್ಟ್ ಆಫ್ರಿಕಾಕ್ಕೆ ಹೊತ್ತೊಯ್ದ, ಅಲ್ಲ, ಹೊರಿಸಿಕೊಂಡು ಹೋದ ರೈಫಲುಗಳಲ್ಲಿ ಅದೂ ಒಂದು. ಕಾರ್ಖಾನೆಯಲ್ಲಿ ರಾಶಿರಾಶಿಯಾಗಿ ತಯಾರಾದ, ಲಂಡನ್ ಕಂಪನಿಗಳ ಬೆಲೆಯ ಹತ್ತಿರವೂ ಬಾರದ ಈ ಅಮೆರಿಕನ್ ಬಂದೂಕನ್ನು ಹಿಡಿದು ಆಂಡರ್ಸನ್ ಮಾಗಡಿಯ ಕಾಡಿನಲ್ಲಿ, ಕಾವೇರಿಯ ದಂಡೆಯಲ್ಲಿ ಒಬ್ಬನೇ ರಾತ್ರಿಗಳನ್ನು ಕಳೆದ.

ಎರಡನೇ ಮಹಾಯುದ್ಧದ ನಂತರದ ಕಥೆ ಹೆಚ್ಚಾಗಿ ಅಮೆರಿಕದ ಬೆಟ್ಟಗಳದು. ಅಲ್ಲಿ ಕಾಡುಕುರಿ ಹುಡುಕಿಕೊಂಡು ಹತ್ತು ಸಾವಿರ ಅಡಿ ಹತ್ತುವ ಗುಮಾಸ್ತ, ಮೇಷ್ಟ್ರು, ಬಡಗಿಗಳಿಗೆ ಹೊರುವ ಆಳಿಲ್ಲ. ಹಾಗಾಗಿ ಅಲ್ಲಿ ಔನ್ಸಿಗೂ ಬೆಲೆ ಬಂತು. ಸಾಣೆ ಹಿಡಿದು ನಳಿಗೆ ತೆಳ್ಳಗೆ ಮಾಡುವುದು, ಮೂತಿಯ ಕಡೆ ಒಂದೆರಡು ಅಂಗುಲ ಕತ್ತರಿಸುವುದು, ಹಿಂಬದಿಯ ತಗಡು ಬಿಚ್ಚಿ ಮರದ ಹಿಡಿಯೊಳಗೆ ಯಾರಿಗೂ ಕಾಣದ ಹಾಗೆ ತೂತು ಕೊರೆಯುವುದು, ಇವೆಲ್ಲ ಊರಿನ ಕೋವಿ ಕಮ್ಮಾರರೇ ಮಾಡಿಕೊಡುತ್ತಿದ್ದ ಕೆಲಸಗಳು. ನಳಿಗೆಯ ತುದಿಯಲ್ಲಿ ಒಂದಂಗುಲ ಕತ್ತರಿಸಿದರೆ ಉಳಿಯುವುದು ಸುಮಾರು 30 ಗ್ರಾಂ. ಒಂದು ದೊಡ್ಡ ನಿಂಬೆಹಣ್ಣಿನಷ್ಟೂ ಅಲ್ಲ! 1952ರಲ್ಲಿ ವಿಂಚೆಸ್ಟರ್ ಕಂಪನಿ ತೆಳು ನಳಿಗೆ, ಅಲ್ಯುಮಿನಿಯಂ ಬಿಡಿಭಾಗ ಹಾಕಿ 'ಫೆದರ್‌ವೇಟ್' ಎಂದು ಹೆಸರಿಟ್ಟು ಮಾರಿತು. 1985ರಲ್ಲಿ ವೆಸ್ಟ್ ವರ್ಜೀನಿಯಾದ ಮೆಲ್ವಿನ್ ಫೋರ್ಬ್ಸ್ ಇನ್ನೂ ಮೂಲಕ್ಕೆ ಹೋದ. ಉದ್ದ ತೋಟೆಗೂ ಗಿಡ್ಡ ತೋಟೆಗೂ ಒಂದೇ ಗಾತ್ರದ ಉಕ್ಕಿನ ಗೂಡು ಯಾಕೆ ಎಂದು ಕೇಳಿ, ತೋಟೆಯ ಅಳತೆಗೆ ತಕ್ಕಂತೆ ಗೂಡನ್ನೇ ಚಿಕ್ಕದು ಮಾಡಿದ. ಕಿಲೋ ಹತ್ತಿರ ತೂಗುವ ವಾಲ್‌ನಟ್ ಮರದ ಹಿಡಿಯ ಬದಲು ಅರ್ಧ ಕಿಲೋಗೂ ಕಡಿಮೆಯ ಕೆವ್ಲಾರ್ ಹಿಡಿ. ರೈಫಲ್ ಐದು ಪೌಂಡಿನ ಹತ್ತಿರ ಬಂತು. ಈಗ ಟೈಟಾನಿಯಂ, ಕಾರ್ಬನ್ ಫೈಬರ್ ಬಂದಿವೆ, ಅಂಗಡಿಯವರು ಕಾಗದ ತೂಗಿದಂತೆ ರೈಫಲ್ ತೂಗುತ್ತಾರೆ. ಅಷ್ಟೆಲ್ಲ ಮಾಡಿ ಅದರ ಮೇಲೆ ಅರ್ಧ ಕಿಲೋದ ದುರ್ಬೀನು ಕೂರಿಸುವವರೂ ಇದ್ದಾರೆ.

ಸೆಲೂಸನ ಶಾಪ ಮಾತ್ರ ಪೂರ್ತಿ ಬಿಟ್ಟಿಲ್ಲ. ಐದು ಪೌಂಡಿನ ರೈಫಲ್ಲಿಗೆ ದೊಡ್ಡ ತೋಟೆ ಹಾಕಿದರೆ ಅದೇ ಒದೆತ. ತೆಳು ನಳಿಗೆ ಎರಡು ಮೂರು ಈಡಿಗೇ ಕಾಯ್ದು ಗುರಿ ಸರಿಯುತ್ತದೆ. ಭಾರದ ರೈಫಲ್ ಹೆಗಲ ಮೇಲೆ ಕೂತರೆ ಕೂತಂತೆಯೇ. ಹಗುರದ್ದು ಬೆಟ್ಟ ಹತ್ತಿ ಏದುಸಿರು ಬಿಡುತ್ತಿರುವವನ ಎದೆಬಡಿತಕ್ಕೂ ಅಲುಗುತ್ತದೆ. ಹಾಗಾಗಿ ಈ ತೂಕ ಇಳಿಸುವವರಲ್ಲಿ ಅನುಭವಸ್ಥರು ಎಲ್ಲೋ ಒಂದು ಕಡೆ ನಿಲ್ಲುತ್ತಾರೆ. ಆ ಗೆರೆ ಹೆಚ್ಚಾಗಿ ಆರು ಏಳು ಪೌಂಡಿನ ನಡುವೆ ಬೀಳುತ್ತದೆ. ಕಾರ್ಬೆಟ್‌ನ ಕೈಯಲ್ಲಿದ್ದದ್ದಕ್ಕೂ ಅದಕ್ಕೂ ಬಹಳ ವ್ಯತ್ಯಾಸವಿಲ್ಲ.

ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೊಂದಿಗೆ ಬೇಟೆ ಮುಗಿಯಿತು. ಸ್ಯಾಂಡರ್ಸನ್ ತಿರುಗಾಡಿದ ಬಿಳಿಗಿರಿರಂಗನ ಬೆಟ್ಟದಲ್ಲಿ ಈಗ ಹುಲಿ ಸಂರಕ್ಷಿತ ಪ್ರದೇಶವಿದೆ. ಅಲ್ಲಿನ ಸೋಲಿಗರಿಗೆ 2011ರಲ್ಲಿ ತಮ್ಮ ಕಾಡಿನ ಮೇಲೆ ಸಮುದಾಯದ ಹಕ್ಕು ಸಿಕ್ಕಿತು. ನನ್ನ ಪ್ರಬಂಧಕ್ಕಾಗಿ ಆ ಕಡೆ ಹೋದಾಗ, ಸಾಹೇಬರ ಕೋವಿ ಹೊತ್ತವರ ನೆನಪು ಯಾರ ಮನೆಯಲ್ಲಾದರೂ ಉಳಿದಿದೆಯೇ ಎಂದು ಒಬ್ಬ ಹಿರಿಯರನ್ನು ಕೇಳಿದೆ. ನೂರೈವತ್ತು ವರ್ಷದ ಹಿಂದಿನದು, ಹೇಗೆ ಉಳಿದೀತು. ಅವರು ಸ್ವಲ್ಪ ಹೊತ್ತು ಯೋಚಿಸಿ, ಕೋವಿದು ಗೊತ್ತಿಲ್ಲ, ಇಲಾಖೆಯವರ ಅಕ್ಕಿಮೂಟೆ ಹೊತ್ತದ್ದು ಬೇಕಾದರೆ ಹೇಳುತ್ತೇನೆ ಎಂದರು. ಅದನ್ನು ಬರೆದುಕೊಂಡು ಬಂದೆ.

2024ರ ಲೋಕಸಭಾ ಚುನಾವಣೆಗೆ ಮತ್ತೆ ಮಾವನ ಕೋವಿ ಠಾಣೆಗೆ ಹೊರಟಿತು. ಅವರಿಗೆ ಈಗ ಮಂಡಿನೋವು, ಹಾಗಾಗಿ ನಾನು ಊರಿಗೆ ಹೋಗಿದ್ದೆ. ಅಡಿಕೆ ತೂಗುವ ಡಿಜಿಟಲ್ ತಕ್ಕಡಿ ಜಗಲಿಯಲ್ಲೇ ಇತ್ತು. ಗೋಣಿತಾಟು ಬಿಚ್ಚಿ ಕೋವಿಯನ್ನು ಅದರ ಮೇಲೆ ಇಟ್ಟೆ. ಮೂರು ಕಿಲೋ ನೂರು ಗ್ರಾಂ, ಹೆಚ್ಚುಕಡಿಮೆ ಏಳು ಪೌಂಡು. ಮಾವನಿಗೆ ಹೇಳಿದೆ, ಕಾರ್ಬೆಟ್‌ನ ರೈಫಲ್ಲಿಗಿಂತಲೂ ನಿಮ್ಮ ಕೋವಿ ಸ್ವಲ್ಪ ಹಗುರ ಅಂತ.

"ಹಗುರ ಭಾರ ಎಲ್ಲ ಸಂಕ ದಾಟಿದ ಮೇಲೆ ಹೇಳು ಮಾರಾಯ" ಎಂದರು. "ಹೊತ್ಕಂಡು ನಡಿ, ಒಂಬತ್ತೂವರೆ ಬಸ್ಸು ತಪ್ಪಿದ್ರೆ ಮತ್ತೆ ಮಧ್ಯಾಹ್ನಕ್ಕೇ."